ಇಸ್ತ್ರಿ ಬಿದ್ದ ನಂಬರು

ತಂಗಿ ಹಿಡಿದ ಕೆಲಸವನ್ನು ಮುಗಿಸಿದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಇಸ್ತ್ರಿಯೊಂದನ್ನು ಬಿಟ್ಟು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಹಬೆ ಕಾರುವ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಳೆಂದರೆ ದಿನಕ್ಕೆ ನೂರು ಅಂಗಿ, ಒಂದರ ಕಾಲರೂ ಸೊಟ್ಟಗಿರುತ್ತಿರಲಿಲ್ಲ. ಉಳಿದದ್ದೆಲ್ಲ ಅರ್ಧಂಬರ್ಧ. ಕಪಾಟಿನಲ್ಲಿ ಒಂದು ಸ್ವೆಟರು ಹದಿನೆಂಟು ವರ್ಷದಿಂದ ಇನ್ನೊಂದು ತೋಳಿಗಾಗಿ ಕಾದು ಕೂತಿತ್ತು. ಟೈಪಿಂಗ್ ಕಲಿತು, ಪರೀಕ್ಷೆಯ ದಿನ ತಲೆನೋವೆಂದು ಮುಸುಕೆಳೆದು ಮಲಗಿದ್ದಳು. ಕಾರು ಕಲಿಯಲು ಹೋಗಿ ರಿವರ್ಸ್ ಪಾಠಕ್ಕೆ ಮುಂಚೆಯೇ ಬಿಟ್ಟಿದ್ದರಿಂದ ಅವಳಿಗೆ ಮುಂದಕ್ಕೆ ಹೋಗಲು ಮಾತ್ರ ಬರುತ್ತದೆ, ಬಿಟ್ಟರೆ ಊರು ದಾಟಿ ಹೋದಾಳು ಎಂದು ಅಕ್ಕ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಅಕ್ಕ ಅದೇ ಲಾಂಡ್ರಿಯ ಕೌಂಟರಿನಲ್ಲಿ ಕೂರುವವಳು. ಬಟ್ಟೆ ಎಣಿಸಿ, ಚೀಟಿ ಚುಚ್ಚಿ, ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆಗೆ ಹೋಗದಂತೆ ಮೂವತ್ತು ವರ್ಷ ಕಾದವಳು. ಮುಂದೆ ಅಕ್ಕ, ಹಿಂದೆ ತಂಗಿ, ನಡುವೆ ಒಂದು ಪರದೆ. ಆ ಪರದೆಯನ್ನು ದಾಟಿ ಬೆಳಗಿನಿಂದ ಸಂಜೆಯವರೆಗೆ ಮಾತು ಹೋಗುತ್ತಿತ್ತು, ಬರುತ್ತಿತ್ತು, ಒಮ್ಮೊಮ್ಮೆ ಚಪ್ಪಲಿಯೂ ಹೋಗಿ ಬರುತ್ತಿತ್ತು.

ಅಂಗಡಿಯ ಯಜಮಾನಮ್ಮನಿಗೆ ಎಪ್ಪತ್ತಾರಾಯಿತು, ಮಂಡಿ ಕೈಕೊಟ್ಟಿತು. ಚಳಿ ಕಳೆಯುವ ಹೊತ್ತಿಗೆ ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಬೇಸಿಗೆ ಮುಗಿಯೋದರೊಳಗೆ ನಾನು ಮಗನ ಮನೆ ಸೇರ್ಕೋತೀನಿ. ಅಂಗಡಿ ನೀವೇ ನಡೆಸಿ. ಆದ್ರೆ ಕಾಗದಕ್ಕೆ ಇಬ್ಬರ ಸಹಿಯೂ ಬೇಕು. ಒಬ್ಬಳ ಸಹಿಗೆ ನಾನು ಕೊಡಲ್ಲ. ಒಂದು ಕೈಯಲ್ಲಿ ಲಾಂಡ್ರಿ ನಡೆಯಲ್ಲ."

ತಂಗಿಗೆ ಕುಣಿಯುವಷ್ಟು ಸಂತೋಷವಾಯಿತು. ಆಗಲೇ ಮನಸ್ಸಿನಲ್ಲಿ ಹೊಸ ಬೋರ್ಡು ಹಾಕಿ, ಕಿಟಕಿಗೆ ಬಣ್ಣ ಬಳಿದಿದ್ದಳು. ಅಕ್ಕನ ಮುಖ ಮಾತ್ರ ಗಂಟು ಹಾಕಿಕೊಂಡಿತು.

"ನಾನು ಸಹಿ ಹಾಕಲ್ಲ," ಅಂದಳು ಅಕ್ಕ, ಯಜಮಾನಮ್ಮ ಒಳಗೆ ಹೋದ ಮೇಲೆ. "ಆರು ತಿಂಗಳು ನೀನು ಕುಣೀತೀಯ. ಏಳನೇ ತಿಂಗಳು ತಲೆನೋವು ಅಂತ ಮಲಗ್ತೀಯ. ಆಮೇಲೆ ಮುಂದೂ ನಾನೇ, ಹಿಂದೂ ನಾನೇ. ನನ್ನ ಕೈಲಾಗಲ್ಲಮ್ಮ."

"ಇಪ್ಪತ್ತು ವರ್ಷದಿಂದ ಇಸ್ತ್ರಿ ಮಾಡ್ತಿಲ್ವಾ ನಾನು?"

"ಮಾಡ್ತೀಯ. ಮಾಡಿಸೋಕೆ ಯಜಮಾನಮ್ಮ ಇದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ."

ತಂಗಿಗೆ ಉರಿದುಹೋಯಿತು. ಅತ್ತಿತ್ತ ನೋಡಿದರೆ, ಅಂಗಡಿಯ ಗಾಜಿನ ಮೇಲೆ ಯಾರೋ ಅಂಟಿಸಿ ಹೋಗಿದ್ದ ಕಾಗದ ಕಣ್ಣಿಗೆ ಬಿತ್ತು. ಬೇಸಿಗೆಯ ಹಾಫ್ ಮ್ಯಾರಥಾನ್, ಇಪ್ಪತ್ತೊಂದು ಕಿಲೋಮೀಟರ್, ಮೂರು ಗಂಟೆಯ ಗಡುವು.

"ಇದನ್ನ ಮುಗಿಸಿದ್ರೆ ಸಹಿ ಹಾಕ್ತೀಯಾ?"

ಅಕ್ಕ ಕನ್ನಡಕ ಮೇಲೆತ್ತಿ ಓದಿದಳು. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅರ್ಧ ಓಟವಂತೆ! ನಿನಗೆ ಅಂತಲೇ ಇಟ್ಟಿದ್ದಾರೆ. ಸರಿ, ಮೂರು ಗಂಟೆಯೊಳಗೆ ಮುಗಿಸು, ಕಣ್ಣುಮುಚ್ಚಿ ಸಹಿ ಹಾಕ್ತೀನಿ. ಮುಗಿಸದೇ ಇದ್ರೆ ಅಂಗಡಿ ಮಾತು ಜನ್ಮದಲ್ಲಿ ಎತ್ತಬಾರದು."

"ಎತ್ತಲ್ಲ," ಅಂದುಬಿಟ್ಟಳು ತಂಗಿ. ಬಸ್ಸು ತಪ್ಪಿದರೂ ಓಡದ ನಲವತ್ತೇಳರ ಹೆಂಗಸು ಅವಳು.

ಹತ್ತು ವಾರ ಅಭ್ಯಾಸ ನಡೆಯಿತು. ಮೊದಲ ದಿನ ಕಾಲುವೆಯ ದಂಡೆಯ ಮೇಲೆ ಮೂರು ದೀಪದ ಕಂಬ ದಾಟುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಎರಡನೇ ವಾರ ಸೇತುವೆ ಮುಟ್ಟಿದಳು. ಮೂರನೇ ವಾರ ಮಾಮೂಲಿನಂತೆ ತಲೆನೋವು ಬಂತು. ಬಂದ ತಲೆನೋವನ್ನು ಜೊತೆಗೇ ಕರೆದುಕೊಂಡು ಓಡಿದಳು. ಇನ್ನೊಂದು ಸಂಗತಿ ಅವಳಿಗೇ ತಡವಾಗಿ ಹೊಳೆಯಿತು. ಬಿಸಿಲೇರಿದಂತೆ ದಂಡೆಯ ಮೇಲೆ ಓಡುವ ಉಳಿದವರೆಲ್ಲ ಮರದಡಿ ಸೇರುತ್ತಿದ್ದರು, ತನಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ದಿನವಿಡೀ ಹಬೆಯಲ್ಲಿ ಬೆಂದವಳಿಗೆ ಬಿಸಿಲೇನು ಮಹಾ! ಲಾಂಡ್ರಿಯವರಿಗೆ ಬಿಸಿಯಲ್ಲಿ ಬದುಕುವ ವಿದ್ಯೆ ಗೊತ್ತು. ಹನ್ನೆರಡು ಅಂಗಿಗೆ ಎರಡು ಗುಟುಕು ನೀರು, ಗಟಗಟ ಕುಡಿಯುವ ಹಾಗಿಲ್ಲ, ಕತ್ತಿನ ಹಿಂದೆ ಒದ್ದೆ ಬಟ್ಟೆ. ಅಂಗಿಯ ಜಾಗದಲ್ಲಿ ಕಂಬ ಎಣಿಸಿದರಾಯಿತು.

ಓಟದ ಹಿಂದಿನ ದಿನ ಹೋಗಿ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಕಾಗದ ತಂದಳು. ನಾಲ್ಕುನೂರ ಹನ್ನೊಂದು. "ಇದರ ಹಿಂದೆ ಪಟ್ಟಿ ಅಂಟಿಸಿದೆ ನೋಡಿ, ಅದರಲ್ಲಿ ಚಿಪ್ ಇದೆ. ನಿಮ್ಮ ಸಮಯ ಬರೆದುಕೊಳ್ಳೋದು ಅದೇ. ನೀವು ಎಲ್ಲಿದ್ದೀರಿ ಅಂತ ಮನೆಯವರು ಫೋನಿನಲ್ಲೇ ನೋಡಬಹುದು," ಎಂದು ಮೇಜಿನ ಹಿಂದಿನ ಹುಡುಗಿ ತಿಳಿಸಿ ಹೇಳಿದಳು. ಪಟ್ಟಿಯ ಮೇಲೆ ಮಡಚಬೇಡಿ, ಕತ್ತರಿಸಬೇಡಿ ಎಂದು ಅಚ್ಚಾಗಿತ್ತು. ಇಸ್ತ್ರಿ ಮಾಡಬೇಡಿ ಎಂದೂ ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಪಾಪ.

ಚೀಲದಲ್ಲಿ ತುರುಕಿ ತಂದ ನಂಬರು ಮುದುರಿತ್ತು. ಅದನ್ನು ಅಂಗಿಗೆ ಪಿನ್ನು ಹಾಕಿ ಅಂಗಡಿಯ ಮೊಳೆಗೆ ತೂಗುಹಾಕಿ ತಂಗಿ ಮನೆಗೆ ಹೋದಳು. ಬೆಳಗ್ಗೆ ಐದೂವರೆಗೆ ಬಂದು ನೋಡಿದರೆ ಅಕ್ಕ ಆಗಲೇ ಅಂಗಡಿ ತೆರೆದಿದ್ದಳು. ಅಂಗಿಯ ತೋಳಿಗೆ ಗೆರೆ ಬಿದ್ದಿತ್ತು, ನಂಬರು ಹೊಸ ಪುಸ್ತಕದ ಹಾಳೆಯಂತೆ ಸಪಾಟಾಗಿತ್ತು.

"ನಮ್ಮ ಅಂಗಡಿಯವಳು ಮುದುರಿಕೊಂಡು ಹೋದ್ರೆ ಗಿರಾಕಿಗಳು ಏನಂದಾರು," ಅಂದಳು ಅಕ್ಕ, ಮುಖ ಆ ಕಡೆ ಮಾಡಿಕೊಂಡು. "ಬೇಗ ವಾಪಸ್ ಬಾ. ಹೆಂಗೂ ಅರ್ಧದಾರಿಗೇ ಬರ್ತೀಯಲ್ಲ."

ಆರೂವರೆಗೆ ಓಟ ಹೊರಟಿತು. ಮೊದಲ ಹತ್ತು ಕಿಲೋಮೀಟರ್ ತಂಗಿ ಹೂವಿನಷ್ಟು ಹಗುರಾಗಿ ಓಡಿದಳು. ಬಣ್ಣದ ಕನ್ನಡಕ ಹಾಕಿ, ಸೊಂಟದ ಸುತ್ತ ಪುಟ್ಟ ಪುಟ್ಟ ಬಾಟಲಿ ಕಟ್ಟಿಕೊಂಡ ಎಳೆಯರು ಆರಂಭದಲ್ಲಿ ಅವಳನ್ನು ದಾಟಿ ಬಾಣದಂತೆ ಹೋಗಿದ್ದರು. ಎಂಟು ಗಂಟೆಗೆ ಅವರಲ್ಲಿ ಅರ್ಧದಷ್ಟು ಜನ ಫುಟ್‌ಪಾತಿನಲ್ಲಿ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ತಂಗಿ ಕಂಬ ಎಣಿಸುತ್ತ, ಗುಟುಕು ಕುಡಿಯುತ್ತ, ಅವರತ್ತ ಕೈಬೀಸುತ್ತ ಮುಂದೆ ಸಾಗಿದಳು. ತಾನು ಇಷ್ಟು ಚೆನ್ನಾಗಿ ಓಡಬಲ್ಲೆನೆಂದು ಅವಳಿಗೆ ನಲವತ್ತೇಳು ವರ್ಷ ಯಾರೂ ಹೇಳಿರಲಿಲ್ಲ.

ಹದಿನಾಲ್ಕು ದಾಟಿದ ಮೇಲೆ ಮರಗಳು ಮುಗಿದವು. ಎರಡೂ ಕಡೆ ಗೋದಾಮುಗಳ ತಗಡಿನ ಗೋಡೆ, ಕೆಳಗೆ ಮೆತ್ತಗಾಗುತ್ತಿದ್ದ ಟಾರು. ಹಬೆಗೂ ಬಿಸಿಲಿಗೂ ಇರುವ ವ್ಯತ್ಯಾಸ ಆಗ ತಿಳಿಯಿತು: ಇಸ್ತ್ರಿಗೆ ಆರಿಸುವ ಸ್ವಿಚ್ ಇರುತ್ತದೆ. ಹದಿನೇಳರ ಬೋರ್ಡಿನ ಹತ್ತಿರ ಅವಳ ತೊಡೆಗಳು ಕಲ್ಲಾದವು. ಒಂದು ಗೋದಾಮಿನ ಮಾಡಿನಡಿ ಕೂತಳು. ಕೂತವಳಿಗೆ ಏಳಲು ಮನಸ್ಸಾಗಲಿಲ್ಲ. ನಿಮಿಷಗಳು ಹೋದವು. ಅಷ್ಟರಲ್ಲಿ ಸೋತವರನ್ನು ಹೆಕ್ಕಿಕೊಂಡು ಬರುವ ಬಸ್ಸು ಬಂದು ಎದುರಿಗೇ ನಿಂತಿತು.

"ಹತ್ತಿ ಅಮ್ಮ, ಒಳಗೆ ಫ್ಯಾನ್ ಇದೆ," ಅಂದ ಡ್ರೈವರು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ಹತ್ತುವುದಿಲ್ಲ ಅನ್ನುವುದು ಸುಲಭವಾಗುತ್ತಿತ್ತು.

ತಂಗಿ ಎದ್ದಳು. ಹೊಸ ಬೋರ್ಡು, ಕಿಟಕಿಯ ಬಣ್ಣ ಎಲ್ಲ ನೆನಪಾಗಿ ಕಣ್ಣು ತುಂಬಿತು. ಅಕ್ಕ ಹೇಳಿದ್ದೇ ನಿಜ, ತಾನು ಆರಂಭಶೂರೆ, ಅಷ್ಟೇ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಅಯ್ಯೋ! ಅಯ್ಯಯ್ಯೋ! ಇಲ್ಲಿದ್ದೀಯಾ!"

ಎದುರಿನಿಂದ ಒಂದು ಕಪ್ಪು ಛತ್ರಿ ಓಡಿ ಬರುತ್ತಿತ್ತು. ಛತ್ರಿಯ ಕೆಳಗೆ ಅಕ್ಕ, ಕೌಂಟರಿನ ಹಿಂದೆ ಹಾಕಿಕೊಳ್ಳುವ ಅದೇ ರಬ್ಬರ್ ಚಪ್ಪಲಿಯಲ್ಲಿ, ಬೆವರಿ ತೊಪ್ಪೆಯಾಗಿ. ಬಂದವಳೇ ತಂಗಿಯ ಎರಡೂ ಕೆನ್ನೆ ಮುಟ್ಟಿ ನೋಡಿದಳು.

"ಎಲ್ಲೋ ತಲೆತಿರುಗಿ ಬಿದ್ದಿದ್ದೀಯ ಅಂದ್ಕೊಂಡೆ. ಮನೇಲಿ ನೋಡ್ದೆ, ಇಲ್ಲ. ಓಟ ಶುರುವಾದ ಕಡೆ ನೋಡ್ದೆ, ಅಲ್ಲೂ ಇಲ್ಲ. ಕಡೆಗೆ ಓಟ ಮುಗಿಯೋ ಜಾಗದಿಂದ ಹಿಂದಕ್ಕೆ ಹುಡುಕ್ಕೊಂಡು ಬಂದೆ. ಇಷ್ಟು ದೂರ ಹೆಂಗೆ ಬಂದೆ ನೀನು?"

"ಓಡಿ ಬಂದೆ! ಇನ್ನೇನು, ಹಾರಿ ಬಂದ್ನಾ?"

"ಸುಳ್ಳು ಹೇಳಬೇಡ. ಫೋನಲ್ಲಿ ನೀನು ಹೊರಟೇ ಇಲ್ಲ ಅಂತ ಇದೆ."

ಅಕ್ಕ ಫೋನು ಮುಂದೆ ಹಿಡಿದಳು. ನಾಲ್ಕುನೂರ ಹನ್ನೊಂದರ ಎದುರಿಗೆ ಸ್ಪಷ್ಟವಾಗಿ ಬರೆದಿತ್ತು: ಓಟ ಆರಂಭಿಸಿಲ್ಲ.

ತಂಗಿ ಬದುಕಿನಲ್ಲಿ ಬೇಕಾದಷ್ಟನ್ನು ಮುಗಿಸಿರಲಿಲ್ಲ, ಆದರೆ ಶುರು ಮಾಡಿಲ್ಲ ಎಂದು ಅವಳಿಗೆ ಯಾರೂ ಅಂದದ್ದಿಲ್ಲ. ಶುರು ಮಾಡುವುದರಲ್ಲಿ ಅವಳನ್ನು ಮೀರಿಸಿದವರೇ ಇರಲಿಲ್ಲ. ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಬಸ್ಸಿನ ಮೆಟ್ಟಿಲಿನಿಂದ ಕಾಲು ತೆಗೆದಳು.

"ಹೊರಟೇ ಇಲ್ವಂತಾ? ಹದಿನೇಳು ಕಿಲೋಮೀಟರ್ ಓಡಿದ್ದು ಇವರಪ್ಪನಾ?"

"ಬೇಡ ಕಣೇ, ಬಸ್ಸು ಹತ್ತು. ಮುಖ ನೋಡು, ಕೆಂಡ ಆಗಿದೆ."

"ನೀನು ಬೇಕಾದ್ರೆ ಹತ್ತು," ಎಂದು ತಂಗಿ ಹೊರಟೇಬಿಟ್ಟಳು. ಆಗ ಎಂಟು ಐವತ್ತು. ಉಳಿದದ್ದು ನಲವತ್ತು ನಿಮಿಷ, ನಾಲ್ಕು ಕಿಲೋಮೀಟರ್.

ಅಕ್ಕ ಬಸ್ಸನ್ನು ನೋಡಿದಳು, ತಂಗಿಯ ಬೆನ್ನನ್ನು ನೋಡಿದಳು. ಆಮೇಲೆ ಚಪ್ಪಲಿಯನ್ನು ಕಾಲ್ಬೆರಳಿನಲ್ಲಿ ಬಿಗಿಹಿಡಿದು ಹಿಂದೆಯೇ ಓಡಿದಳು. ಛತ್ರಿಯನ್ನು ತಂಗಿಯ ತಲೆಯ ಮೇಲೆ ಹಿಡಿದಳು, ಬೈಯಲು ಶುರು ಮಾಡಿದಳು. ಸ್ವೆಟರಿನ ತೋಳಿನಿಂದ ಹಿಡಿದು ಟೈಪಿಂಗ್ ಪರೀಕ್ಷೆಯವರೆಗೆ ಒಂದನ್ನೂ ಬಿಡಲಿಲ್ಲ. ತಂಗಿಯೂ ಬಾಕಿ ಉಳಿಸಲಿಲ್ಲ. ಆ ಜಗಳದಲ್ಲಿ ಕಾಲಿನ ನೋವು ಇಬ್ಬರಿಗೂ ಮರೆತುಹೋಯಿತು. ಹತ್ತೊಂಬತ್ತರ ಬೋರ್ಡಿನ ಬಳಿ ಸೀಟಿ ಹಿಡಿದಿದ್ದ ಕಾರ್ಯಕರ್ತನೊಬ್ಬ ಅಡ್ಡ ಬಂದ.

"ಅಮ್ಮ, ನಂಬರ್ ಇಲ್ಲದವರು ಓಡೋ ಹಾಗಿಲ್ಲ."

"ನಾನೆಲ್ಲಿ ಓಡ್ತಿದ್ದೀನಪ್ಪ," ಅಂದಳು ಅಕ್ಕ, ಏದುಸಿರು ಬಿಡುತ್ತ. "ಬೈತಾ ಇದ್ದೀನಿ. ಇವಳು ನಿಲ್ಲಲ್ಲ, ನಾನೇನು ಮಾಡಲಿ?"

ಕೊನೆಯ ತಿರುವಿನಲ್ಲಿ ಅಕ್ಕನ ಬೈಗುಳ ಖಾಲಿಯಾಯಿತು. ದೊಡ್ಡ ಗಡಿಯಾರ ಒಂಬತ್ತು ಇಪ್ಪತ್ತೇಳು ತೋರಿಸುತ್ತಿತ್ತು. "ಹೋಗು," ಎಂದು ತಂಗಿಯ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. "ಹೋಗೇ, ಹೋಗು!" ತಂಗಿ ಹೋದಳು. ಒಂಬತ್ತು ಇಪ್ಪತ್ತೆಂಟಕ್ಕೆ ಗೆರೆ ದಾಟಿದಳು, ಎರಡು ನಿಮಿಷ ಉಳಿದಿತ್ತು.

ಅವಳ ಮುಂದಿನವನು ದಾಟಿದಾಗ ಚಿಪ್ ಓದುವ ಯಂತ್ರ ಕೀಂ ಎಂದಿತ್ತು, ಹಿಂದಿನವಳು ದಾಟಿದಾಗಲೂ ಎಂದಿತು. ಅವಳಿಗೆ ಮಾತ್ರ ಮೂಗಿಯಂತೆ ಸುಮ್ಮನಿತ್ತು. ಪರದೆಯ ಮೇಲೆ ನಾಲ್ಕುನೂರ ಹನ್ನೊಂದು ಬರಲೇ ಇಲ್ಲ.

ಮೇಜಿನ ಬಳಿಯ ಅಧಿಕಾರಿ ಕಂಪ್ಯೂಟರು ನೋಡಿ ತಲೆಯಾಡಿಸಿದರು. ಅವಳ ನಂಬರು ಬಿಚ್ಚಿಸಿ, ತಿರುಗಿಸಿ, ಹುಬ್ಬೇರಿಸಿದರು. ಹಿಂದಿನ ಪಟ್ಟಿ ಕರಗಿ, ಕಾಗದಕ್ಕೆ ಮೆತ್ತಿಕೊಂಡು, ಕಂದು ಬಣ್ಣಕ್ಕೆ ತಿರುಗಿತ್ತು. "ಇಪ್ಪತ್ತು ವರ್ಷದಿಂದ ಓಟ ನಡೆಸ್ತಿದ್ದೀನಿ. ಹರಿದು ತಂದವರನ್ನ ನೋಡಿದ್ದೀನಿ, ಮಳೇಲಿ ನೆನೆಸಿ ತಂದವರನ್ನ ನೋಡಿದ್ದೀನಿ. ಇದಕ್ಕೆ ಇಸ್ತ್ರಿ ಹಾಕಿದವರು ಯಾರು?"

ತಂಗಿ ನಿಧಾನವಾಗಿ ಅಕ್ಕನ ಕಡೆ ತಿರುಗಿದಳು. ಅಕ್ಕ ಇಂಗು ತಿಂದ ಮಂಗನಂತೆ ನಿಂತಿದ್ದಳು.

"ಬಟ್ಟೆ ಅಡ್ಡ ಇಟ್ಟೇ ಮಾಡಿದ್ದೆ," ಅಂದಳು ಸಣ್ಣ ದನಿಯಲ್ಲಿ. "ಹದ ಬಿಸಿ. ರೇಷ್ಮೆಗೆ ಇಡೋ ಅಷ್ಟೇ."

ತಂಗಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಯ ಮಾತ್ರ ಆಯಿತು. ಮುಗಿಸಿದ್ದಂತೂ ಮುಗಿಸಿದ್ದಳು, ಆದರೆ ಲೆಕ್ಕದ ಪ್ರಕಾರ ಮನೆಯಿಂದಲೇ ಹೊರಟಿಲ್ಲ. ಅಕ್ಕ ಚೀಟಿ ಇಲ್ಲದೆ ಕರವಸ್ತ್ರವನ್ನೂ ವಾಪಸು ಕೊಡದವಳು. ಬರಹದಲ್ಲಿಲ್ಲದ್ದು ಅವಳ ಪಾಲಿಗೆ ಇಲ್ಲವೇ ಇಲ್ಲ.

"ಒಂದು ದಾರಿ ಇದೆ," ಎಂದು ಅಧಿಕಾರಿ ಖಾನೆಯಿಂದ ಒಂದು ಅರ್ಜಿ ತೆಗೆದರು. "ಕಣ್ಣಾರೆ ಕಂಡವರು ಬರೆದುಕೊಟ್ರೆ, ದಾರಿಯ ಫೋಟೋ ನೋಡಿ ಸಮಯ ಸೇರಿಸ್ತೀವಿ. ಸಾಕ್ಷಿ ಯಾರಾದ್ರೂ ಇದ್ದಾರಾ?"

ತಂಗಿ ಬಾಯಿ ತೆರೆಯುವ ಮೊದಲೇ ಅಕ್ಕ ಪೆನ್ನು ಕಿತ್ತುಕೊಂಡಳು. ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಮೇಜಿನ ಮೇಲೆ ಬಗ್ಗಿ, ಅರ್ಜಿಯ ಮೇಲೆ ಬೆವರು ಬೀಳದಂತೆ ಮೊಣಕೈಯಿಂದ ಮುಖ ಒರೆಸಿಕೊಂಡು ಬರೆಯತೊಡಗಿದಳು. ಸಾಕ್ಷಿಯ ಹೆಸರು ಬರೆದಳು. ಓಟಗಾರರಿಗೆ ಏನಾಗಬೇಕು: ಅಕ್ಕ. ಕಂಡದ್ದೇನು: ಹದಿನೇಳನೇ ಕಿಲೋಮೀಟರಿನಿಂದ ಕೊನೆಯವರೆಗೆ ಜೊತೆಗಿದ್ದೆ, ಎಲ್ಲೂ ನಿಲ್ಲಲಿಲ್ಲ, ನಿಲ್ಲು ಅಂದರೂ ನಿಲ್ಲಲಿಲ್ಲ.

ಆಮೇಲಿನ ಸಾಲಿಗೆ ಬಂದು ಪೆನ್ನು ನಿಂತಿತು. ಉದ್ಯೋಗ. ತಂಗಿ ಅಕ್ಕನ ಭುಜದ ಮೇಲಿನಿಂದ ಇಣುಕಿ ನೋಡುತ್ತಿದ್ದಳು. ಅಕ್ಕ ದುಂಡನೆಯ ಅಕ್ಷರದಲ್ಲಿ ಬರೆದಳು: ಲಾಂಡ್ರಿ ಮಾಲೀಕರು.

ಅಧಿಕಾರಿ ಅರ್ಜಿ ಎಳೆದುಕೊಂಡು ಓದಿ ನಕ್ಕರು. "ಸ್ವಂತ ಲಾಂಡ್ರಿ ಇಟ್ಕೊಂಡು ಚಿಪ್ಪಿಗೆ ಇಸ್ತ್ರಿ ಹಾಕಿದ್ರಾ! ಎಷ್ಟು ವರ್ಷದಿಂದ ಇದೆ ಅಂಗಡಿ?"

"ನಾಳೆಯಿಂದ," ಅಂದಳು ಅಕ್ಕ. "ನಮ್ಮಿಬ್ಬರದು."

ತಂಗಿ ಅಲ್ಲೇ ಕಾದ ನೆಲದ ಮೇಲೆ ಕುಕ್ಕರಿಸಿ ಗಟ್ಟಿಯಾಗಿ ಅಳತೊಡಗಿದಳು. ಅಷ್ಟು ಸಂತೋಷವನ್ನು ನಿಂತುಕೊಂಡು ತಡೆಯಲು ಅವಳ ಕಾಲುಗಳಿಗೆ ಆಗಲಿಲ್ಲ.