ನಾಲಿಗೆಗೆ ಬಂದ ಬೆಸಾಂವ್

ಯಲ್ಲಾಪುರದ ಕಿರಿಸ್ತಾನರ ಕೇರಿಯಲ್ಲಿ ಸಂಜೆಯ ಜಪ ದಿನಕ್ಕೊಂದು ಮನೆಯಲ್ಲಿ ನಡೆಯುತ್ತಿತ್ತು. ಜಪ ಮುಗಿದದ್ದೇ ಕಿರಿಯರು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಎಂದು ಆಶೀರ್ವಾದ ಬೇಡಬೇಕು. ಹಿರಿಯರು ‘ದೇವ್ ಬರೆಂ ಕರುಂ’, ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ಕೇರಿಗೆಲ್ಲ ಹಿರಿಯಳು ಲುವಿಜಾಬಾಯಿ. ಅವಳು ಕೊಟ್ಟ ಮೇಲೇ ಉಳಿದವರು ಕೊಡುವುದು.

ಆ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಬಸುರಿ ಮೋನಿಕಾಳ ಕಣ್ಣ ಕೆಳಗೆ ಮತ್ತೆ ಕಪ್ಪು ಕಟ್ಟಿತು. ಕೇಳಿದರೆ, ಬಾಗಿಲು ಬಡಿಯಿತು ಎನ್ನುವಳು.

“ಆ ಬಾಗ್ಲಿಗೆ ಸಂಜೆ ಆದ್ರೆ ಕಳ್ಳಬಟ್ಟಿ ವಾಸ್ನೆ ಬರ್ತದೆ, ಕಂಡ್ರಾ?” ಎಂದ ಬಡಗಿ ಪಾಸ್ಕೋಲ. ಯಾರೂ ನಗಲಿಲ್ಲ. ಆ ಬಾಗಿಲು ಮೋನಿಕಾಳ ಗಂಡ ಕೈತಾನ. ತಾಯಿಯಿಲ್ಲದ ಅವನನ್ನು ಎದೆಗೆ ಹಚ್ಚಿಕೊಂಡು ಬೆಳೆಸಿದವಳು ಲುವಿಜಾಬಾಯಿ; ಅವನಿಗೆ ಅವಳೇ ‘ಮಾಯ್’, ತಾಯಿ.

ಪಾಸ್ಕೋಲ ಅವಳತ್ತ ತಿರುಗಿದ. “ಬಾಯೀ, ಅವನ ಮನೇಲಿ ಮೊಣಕಾಲೂರಿ ಜಪ ಮಾಡಿ ಬರ್ತೇವೆ. ಕೈ ಎಂತಕ್ಕೆ ಎತ್ತಿದೆ ಮಾರಾಯಾ ಅಂತ ಒಬ್ರೂ ಕೇಳೂದಿಲ್ಲ. ಇದೆಂತಾ ಜಪ?”

“ನಾನು ಕೇಳ್ತೇನೆ.”

“ಉತ್ರ ಕೊಡೋ ತನಕ ಬೆಸಾಂವ್ ಕೊಡೂದು ಬ್ಯಾಡ. ನೀವು ಕೊಡ್ಲಿಲ್ಲ ಅಂದ್ರೆ ನಾವ್ಯಾರೂ ಕೊಡೂದಿಲ್ಲ.”

ಅವಳು ಒಪ್ಪಿದಳು. ಮರುದಿನವೆಲ್ಲ ಅಕ್ಕಿ ರುಬ್ಬುತ್ತ, ಕೊಡ ತುಂಬುತ್ತ, ಕೇಳಬೇಕಾದ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಸಂಜೆ ಜಪ ಮುಗಿಯಿತು. ಕೈತಾನ ಎಲ್ಲರಿಗಿಂತ ಮೊದಲು ಬಂದ. ತಲೆ ಒದ್ದೆ ಮಾಡಿ ಬಾಚಿಕೊಂಡಿದ್ದ.

“ಮಾಯ್, ಬೆಸಾಂವ್.”

ಅವನು ಕಣ್ಣೆತ್ತಲಿಲ್ಲ, ಕಾಯುತ್ತ ನಿಂತ. ಅದು ಅವಳಿಗೆ ಕಂಡಿತು. ಆದರೆ ಅವನ ತೊದಲು ಮಾತಿನ ದಿನದಿಂದ ತಪ್ಪದೆ ಉತ್ತರ ಕೊಟ್ಟ ನಾಲಿಗೆ ಅವಳನ್ನು ಕೇಳದೆಯೇ ಓಡಿತು.

“ದೇವ್ ಬರೆಂ ಕರುಂ, ಪುತಾ.”

ಹಿರಿಯಳು ಕೊಟ್ಟಾಯಿತು, ಒಬ್ಬೊಬ್ಬರಾಗಿ ಎಲ್ಲರೂ ಕೊಟ್ಟರು. ಗೋಡೆಗೊರಗಿದ್ದ ಮೋನಿಕಾ ಸೆರಗನ್ನು ಮುಖದ ಮೇಲೆಳೆದುಕೊಂಡಳು.

“ಬಾಯಿ ತಪ್ತು ಪಾಸ್ಕೋಲಾ. ನಾಳೆ ಕೇಳ್ತೇನೆ.”

ನಾಳೆ ಬಂದಾಗ, ಹುಡುಗ ಮೆತ್ತಗಾಗಿದ್ದಾನೆ, ಹಬ್ಬವೊಂದು ಕಳೆಯಲಿ ಎಂದುಕೊಂಡಳು. ಹಬ್ಬಕ್ಕೆ ಮೊದಲೇ ಮೋನಿಕಾ ಪೆಟ್ಟು ತಿಂದು ಬಿದ್ದಳು. ದಿನ ತುಂಬದ ಕೂಸು ಉಸಿರಿಲ್ಲದೆ ಹುಟ್ಟಿತು. ಅದಕ್ಕೊಂದು ಪುಟ್ಟ ಪೆಟ್ಟಿಗೆಯನ್ನು ಪಾಸ್ಕೋಲ ತಾನೇ ಮಾಡಿದ. ಮೊಳೆ ಹೊಡೆಯಲು ಕೈ ಬಾರದೆ ಹಗ್ಗ ಸುತ್ತಿದ.

ಮಣ್ಣು ಮಾಡಿ ಬಂದ ಸಂಜೆ, ಜಪ ಶುರುವಾಗುವ ಮೊದಲೇ ಲುವಿಜಾಬಾಯಿ ಎಲ್ಲರ ನಡುವೆ ಕೇಳಿದಳು: “ಕೈತಾನಾ, ಅವಳನ್ನ ಎಂತಕ್ಕೆ ಹೊಡ್ದೆ?”

“ಆವತ್ತೇ ಕೇಳ್ಬೇಕಿತ್ತು ಮಾಯ್,” ಎಂದ ಅವನು. ದನಿ ಒಡೆದುಹೋಗಿತ್ತು. “ನೀವೆಲ್ಲ ಮಾತಾಡಿಕೊಂಡದ್ದು ನಂಗೆ ಗೊತ್ತಿತ್ತು. ಕೇಳ್ತೀರಿ, ಎಲ್ಲಾ ಹೇಳಿಬಿಡ್ತೇನೆ ಅಂತ್ಲೇ ಕುಡೀದೆ ಬಂದಿದ್ದೆ. ನೀವು ಬೆಸಾಂವ್ ಕೊಟ್ರಿ. ದೇವ್ರೂ ಎಂತದೂ ಕಂಡಿಲ್ಲ ಅಂದ್ಕೊಂಡೆ.”

ಪಾಸ್ಕೋಲ ಅವನ ರಟ್ಟೆ ಹಿಡಿದ. “ಮಾಯ್ ಮೇಲೆ ಹಾಕ್ಬೇಡ. ಹೊಡ್ದ ಕೈ ನಿಂದು. ಇವತ್ತಿಂದ ನನ್ನ ಮನೇಲಿರು, ನನ್ನ ಕಣ್ಣೆದುರು. ಪಾದ್ರಿ ಬಂದಾಗ ಎಲ್ಲರ ಮುಂದೆ ಬಾಯಿ ಬಿಡು.”

ಕೈತಾನ ಅವನ ಹಿಂದೆ ನಡೆದ.

ಮೋನಿಕಾಳನ್ನು ಲುವಿಜಾಬಾಯಿ ತನ್ನ ಮನೆಗೆ ಕರೆತಂದಳು. ಬೆಳಗಾಗುವಷ್ಟರಲ್ಲಿ ಕುಡಿಯುವ ಬಾಯಿಯಿಲ್ಲದ ಎದೆಗೆ ಹಾಲು ಬಂದು ರವಿಕೆ ತೊಯ್ದಿತ್ತು. ಹಾಲು ಬತ್ತಲೆಂದು ಮುದುಕಿ ಮಲ್ಲಿಗೆ ಹೂ ಹರಡಿ, ಹಳೆಯ ಸೀರೆ ಹರಿದು ಎದೆಗೆ ಸುತ್ತತೊಡಗಿದಳು.

“ಅವರನ್ನ ನೀವು ಕೇಳಿದ್ರಿ ಮಾಯ್,” ಎಂದಳು ಮೋನಿಕಾ. “ನಿಮ್ಮನ್ನ ಯಾರು ಕೇಳೂದು?”

ಮುದುಕಿಯ ಕೈ ನಿಂತಿತು. “ನೀನೇ ಕೇಳು ಮಗಾ.”

ಮೋನಿಕಾ ಸುತ್ತಲು ಅನುವಾಗುವಂತೆ ತೋಳೆತ್ತಿದಳು. ಮುದುಕಿ ಸೀರೆಯ ತುಂಡನ್ನು ಎಳೆದು ಕಟ್ಟಿದಳು.

“ಬಿಗಿಯಾಯ್ತಾ?”

“ಇಲ್ಲ. ಇನ್ನೂ ಬಿಗಿ ಕಟ್ಟಿ.”