ಮೂವತ್ತೊಂದು ತಪ್ಪುಗಳು

ಮುದ್ರಣಾಲಯ ಬಾಗಿಲು ಹಾಕಿದಾಗ ಅವಳಿಗೆ ಐವತ್ತೊಂದು ವರ್ಷ. ಇಪ್ಪತ್ತಾರು ವರ್ಷ ಕರಡು ತಿದ್ದಿದವಳಿಗೆ ಮನೆಯಲ್ಲಿ ಸುಮ್ಮನೆ ಕೂರಲು ಬಾರದೆ, ಗ್ರಂಥಾಲಯದ ಮೇಲ್ಮಹಡಿಯಲ್ಲಿ ನಡೆಯುತ್ತಿದ್ದ ಕೋಡಿಂಗ್ ತರಗತಿಗೆ ಸೇರಿಕೊಂಡಳು.

ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಕೆಲಸ ಬಿಟ್ಟಿದ್ದ ಬಸ್ ಡ್ರೈವರ್. ನಾಲ್ಕೈದು ವರ್ಷ ಚಿಕ್ಕವನು. ಮೊದಲ ದಿನವೇ ಅಕ್ಕಾ ಎಂದು ಕರೆದ. ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, ಕ್ಲಚ್ಚಿಗೂ ತನಗೂ ಮಾತು ನಿಂತುಹೋಯಿತು ಎಂದು ನಗಿಸಿ ತೇಲಿಸಿಬಿಟ್ಟ.

ಮೂರನೆಯ ವಾರ ಮೇಡಂ ಹೊಸ ಪಾಠ ಶುರು ಮಾಡಿದರು. ಕೋಡಿನಲ್ಲಿ ಏನು ಬದಲಿಸಿದರೂ ಒಂದು ಸಾಲಿನ ವಿವರಣೆ ಬರೆದು ಕಮಿಟ್ ಮಾಡಬೇಕು. ಯಾರು, ಯಾವಾಗ, ಏನು ತಿದ್ದಿದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ. ಆಮೇಲೆ ಒಬ್ಬರ ಕೋಡನ್ನು ಇನ್ನೊಬ್ಬರು ಓದಿ, ಎಲ್ಲರಿಗೂ ಕಾಣುವಂತೆ ಅಭಿಪ್ರಾಯ ಬರೆಯಬೇಕು. ಡ್ರೈವರನ ಕೋಡ್ ಅವಳ ಪಾಲಿಗೆ ಬಂತು.

ಬಸ್ಸುಗಳ ವೇಳಾಪಟ್ಟಿ ತೋರಿಸುವ ಪುಟ್ಟ ಪ್ರೋಗ್ರಾಂ. ಹದಿನಾಲ್ಕು ಸಲ ಕಮಿಟ್ ಮಾಡಿದ್ದ: "ಈಗ ಸರಿಹೋಯ್ತು ಅನ್ಸತ್ತೆ", "ಇಲ್ಲ, ಹೋಗಿಲ್ಲ", "ಎಲ್ಲೋ ಏನೋ ಬಿಟ್ಟಿದೆ, ಸಿಗ್ತಿಲ್ಲ". ಓದುತ್ತ ಓದುತ್ತ ಅವಳಿಗೆ ಹಳೆಯ ಹುರುಪು ಬಂತು. ಮುಚ್ಚದ ಆವರಣ, ಬಿಟ್ಟುಹೋದ ಉದ್ಧರಣ ಚಿಹ್ನೆ, ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ. ಮೂವತ್ತೊಂದು ತಪ್ಪು ಹೆಕ್ಕಿ ತೆಗೆದಳು. ಕೊನೆಯಲ್ಲಿ, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವರಿಗೆ ಬರೆದು ರೂಢಿಯಾಗಿದ್ದ ಮಾತನ್ನೇ ಬರೆದಳು: "ಇನ್ನಾದರೂ ಕಣ್ಣು ಬಿಟ್ಟು ಬರೆಯಿರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಡ್ರೈವರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಓದಿದ. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ಸರಿಯಾಗೇ ಬರೆದಿದೀರಕ್ಕಾ," ಎಂದವನು ಚೀಲ ಎತ್ತಿಕೊಂಡು ಹೊರಟ.

ನಾಲ್ಕು ದಿನ ಅವನ ಸುಳಿವಿಲ್ಲ. ಅವಳು ನಂಬರು ಹುಡುಕಿ ಫೋನ್ ಮಾಡಿದಳು. ಹೆಂಡತಿ ಎತ್ತಿಕೊಂಡಳು. ದೃಷ್ಟಿ ಕುಂದುತ್ತ ಬಂದು ಬಸ್ಸು ಓಡಿಸುವುದು ತಪ್ಪಿಹೋಗಿತ್ತಂತೆ. ಇನ್ನೆರಡು ವರ್ಷದಲ್ಲಿ ಪೂರ್ತಿ ಹೋಗಬಹುದು ಎಂದಿದ್ದರಂತೆ ಡಾಕ್ಟರು. ಅಷ್ಟರೊಳಗೆ ಕೂತು ಮಾಡುವ ಕೆಲಸವೊಂದನ್ನು ಕಲಿತೇ ತೀರುತ್ತೇನೆಂದು ಹಟ ಹಿಡಿದು ಬರುತ್ತಿದ್ದನಂತೆ.

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಒಂದ್ನಿಮಿಷ ಅವರಿಗೆ ಕೊಡ್ತೀರಾ?"

"ಇಲ್ಲೇ ಕೂತಿದಾರೆ. ಬೇಡ ಅಂತ ಕೈ ಆಡಿಸ್ತಿದಾರೆ. ತಪ್ಪು ತಿಳ್ಕೋಬೇಡಿ."

ತಾನು ಬರೆದದ್ದನ್ನು ಅಳಿಸಬಹುದೇ ಎಂದು ಮೇಡಂ ಅವರನ್ನು ಕೇಳಿದಳು. ಅಳಿಸಬಹುದು, ಆದರೆ ಎಲ್ಲರ ಇಮೇಲಿಗೂ ಆಗಲೇ ಹೋಗಿದೆ ಎಂದರು ಅವರು.

ಅಳಿಸಿದಳು. ಆಮೇಲೆ ಕೂತು ಮೂವತ್ತೊಂದನ್ನೂ ತಾನೇ ತಿದ್ದಿ, ವೇಳಾಪಟ್ಟಿಯ ಅಕ್ಷರ ದೊಡ್ಡದು ಮಾಡಿ, ಒಂದೊಂದನ್ನೇ ಕಮಿಟ್ ಮಾಡಿದಳು. ಪ್ರೋಗ್ರಾಂ ಓಡಿತು. ಅದು ಅವನ ಕೋಡಿಗೆ ಸೇರಬೇಕಾದರೆ ಅವನ ಒಪ್ಪಿಗೆ ಬೇಕಿತ್ತು. ಕೋರಿಕೆ ಕಳಿಸಿ, ದಿನಕ್ಕೆ ಹತ್ತು ಸಲ ತೆರೆದು ನೋಡಿದಳು. ಎರಡು ವಾರ ಕಳೆದರೂ ಅವನ ಒಪ್ಪಿಗೆ ಬಂದಿರಲಿಲ್ಲ.

ಕೊನೆಯ ದಿನ ಮೇಡಂ ಇಡೀ ತಂಡದ ಕೋಡುಗಳಿಗೆ ಬೀಗ ಹಾಕಿದರು. ಇನ್ನು ಓದಬಹುದು ಅಷ್ಟೆ, ಯಾರೂ ಏನನ್ನೂ ಸೇರಿಸುವಂತಿಲ್ಲ. ಅವಳು ಪ್ರಮಾಣಪತ್ರ ಪಡೆದದ್ದಕ್ಕೆ ಸಹಿ ಹಾಕಿ ಮೆಟ್ಟಿಲಿಳಿದಳು. ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಬಂದು ಹೋದರೂ ಹತ್ತದೆ ನಿಂತೇ ಇದ್ದಳು.