ಮಗ್ಗದ ಕೋಣೆಯ ಕ್ಯಾಮೆರಾ

ಕಳ್ಳರ ನೆಪ ಹೇಳಿ ಮನೆಗೆ ಕ್ಯಾಮೆರಾ ಹಾಕಿಸಿದವಳು ನಾನು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಕದಿಯಲು ಹೊಂಚು ಹಾಕಿದ್ದವಳೂ ನಾನೇ. ನಾನು ಕದಿಯಬೇಕೆಂದಿದ್ದದ್ದು ಅಮ್ಮನ ಕೈಯ ಕೆಲಸವನ್ನು.

ನವಲಗುಂದದ ನಮ್ಮ ಓಣಿಯಲ್ಲಿ ಈಗ ಉಳಿದಿರುವ ಜಮಖಾನೆ ಮಗ್ಗಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ನನ್ನ ಅಮ್ಮ ಖಾತುನಬಿಯದು. ಗೋಡೆಗೆ ಆನಿಸಿ ನಿಲ್ಲಿಸಿದ ಎತ್ತರದ ಮಗ್ಗ, ಅದರ ಮುಂದೊಂದು ಮಣೆ, ಅಮ್ಮನ ಕೈಯಲ್ಲಿ ಪಂಜಾ. ಹೆಣೆದ ನೂಲನ್ನು ಬಡಿದು ಬಡಿದು ಕೆಳಗೆ ಕೂರಿಸುವ ಕಬ್ಬಿಣದ ಹಲ್ಲಿನ ಸಾಧನ ಅದು. ಅಮ್ಮ ನೇಯುವ ನವಿಲು ಓಣಿಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಕುತ್ತಿಗೆ ಹಿಂದಕ್ಕೆ ಹೊರಳಿಸಿ ತನ್ನ ಗರಿಯನ್ನು ತಾನೇ ನೋಡಿಕೊಳ್ಳುವ ನವಿಲು. ಅದರ ನಕ್ಷೆ ಯಾವ ಕಾಗದದ ಮೇಲೂ ಇಲ್ಲ. ಎಳೆಗಳ ಲೆಕ್ಕವೆಲ್ಲ ಅವಳ ಬೆರಳುಗಳಲ್ಲಿದೆ.

ಅವಳಿಗೆ ಅದನ್ನು ಕಲಿಸಿದ್ದು ಅವಳ ಅತ್ತೆ. ನಮ್ಮ ಮನೆತನದಲ್ಲಿ ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ನಾಳೆ ಇನ್ನೊಬ್ಬರ ಮನೆ ಸೇರುವವಳು, ವಿದ್ಯೆಯನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾಳೆ ಎಂಬ ಭಯ. ಏಳು ವರ್ಷದವಳಿದ್ದಾಗ ಒಮ್ಮೆ ನಾನು ಮಣೆಯ ಮೇಲೆ ಕುಳಿತು ನೀಲಿ ನೂಲಿಗೆ ಕೈ ಹಾಕಿದ್ದೆ. ಅಮ್ಮ ಬಂದವಳೇ ಮುಂಗೈ ಮೇಲೆ ಚಟಾರನೆ ಬಾರಿಸಿದಳು. "ಮುಟ್ಟಬ್ಯಾಡ. ಇದು ನಿಂದಲ್ಲ," ಅಂದಳು. ಆ ಏಟು ನನಗೆ ಇವತ್ತಿಗೂ ನೆನಪಿದೆ.

ಅಮ್ಮನಿಗೆ ಗಂಡುಮಕ್ಕಳಿಲ್ಲ. ಗಂಡುಮಗನೇ ಇಲ್ಲದ ಮೇಲೆ ಸೊಸೆ ಎಲ್ಲಿಂದ ಬರಬೇಕು? ಇದ್ದವಳು ನಾನೊಬ್ಬಳು, ತಬಸುಮ್. ಅಣ್ಣಿಗೇರಿಗೆ ಮದುವೆಯಾಗಿ ಹೋಗಿ, ಗಂಡನ ಜೊತೆ ಆರು ವರ್ಷ ಏಗಿ, ಒಂದು ಹೊಲಿಗೆ ಯಂತ್ರ ಹೊತ್ತುಕೊಂಡು ತಿರುಗಿ ಬಂದವಳು. ಬಂದು ಹನ್ನೆರಡು ವರ್ಷವಾಯಿತು. ಪಡಸಾಲೆಯಲ್ಲಿ ಕುಳಿತು ಊರವರ ಕುಪ್ಪಸ ಹೊಲಿಯುತ್ತೇನೆ. ಗೋಡೆಯ ಆಚೆ ಪಂಜಾದ ಸದ್ದು ಕೇಳುತ್ತಿರುತ್ತದೆ, ಬಾಗಿಲು ಮುಚ್ಚಿರುತ್ತದೆ.

"ಈಗ ನಾ ಎಲ್ಲಿಗೂ ಹೋಗಾಕಿಲ್ಲಲ್ಲ ಅಮ್ಮಾ. ನನಗ ಕಲಸು," ಎಂದು ಎಷ್ಟು ಸಲ ಗೋಗರೆದಿದ್ದೇನೋ.

"ಕೊಟ್ಟ ಹೆಣ್ಣು ಕುಲಕ್ಕ ಹೊರಗ," ಎನ್ನುತ್ತಿದ್ದಳು. "ನಮ್ಮತ್ತಿ ಸಾಯೂಮುಂದ ಆಕೀ ಕೈಮ್ಯಾಲೆ ಕೈಯಿಟ್ಟು ಮಾತು ಕೊಟ್ಟೇನಿ. ಅಲ್ಲಿ ಹ್ವಾದಮ್ಯಾಲೆ ಆಕೀಗೆ ಯಾವ ಮುಖ ತೋರಸಲಿ?"

ಸತ್ತವರಿಗೆ ಮುಖ ತೋರಿಸುವ ಚಿಂತೆ ಅವಳಿಗೆ. ಬದುಕಿರುವ ಮಗಳು ಎದುರಿಗೇ ಕುಳಿತಿದ್ದೆ.

ಮುಗಿದ ಜಮಖಾನೆ ನೋಡಿ ಕಲಿಯಬಾರದಿತ್ತೇ ಎಂದು ನೀವು ಕೇಳಬಹುದು. ರೊಟ್ಟಿ ನೋಡಿದವರಿಗೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ? ಮಾಳಿಗೆಯ ಮೇಲೆ ಮಂಚದ ಚೌಕಟ್ಟಿಗೆ ನೂಲು ಬಿಗಿದು ನಾನೂ ಕದ್ದು ಪ್ರಯತ್ನಿಸಿದ್ದೆ. ಯಾವ ಬಣ್ಣ ಮೊದಲು ತಿರುಗಬೇಕು, ಯಾವ ಎಳೆಯಲ್ಲಿ ಎರಡು ಬಣ್ಣ ಒಂದಕ್ಕೊಂದು ಕೈ ಹಿಡಿಯಬೇಕು ಎಂಬುದು ತಿಳಿಯದೆ ನಡುನಡುವೆ ಸೀಳು ಬಿಟ್ಟಿತು. ನವಿಲು ಹೋಗಲಿ, ಕೋಳಿಯೂ ಆಗಲಿಲ್ಲ.

ಹೋದ ವರ್ಷ ಅಮ್ಮನ ಕೈ ನಡುಗತೊಡಗಿತು. ಒಂದು ದಿನ ಪಂಜಾ ಕೈಜಾರಿ ಬಿದ್ದ ಸದ್ದು ಕೇಳಿ ಓಡಿದೆ. ಅಮ್ಮ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದು ಕುಳಿತಿದ್ದಳು. "ಈ ಜೋಡು ನವಿಲಿಂದು ಮುಗಸ್ತೇನಿ. ಇದ ಕಡೀದು," ಎಂದಳು. ಇವಳು ಹೋದರೆ ಇವಳ ಬೆನ್ನಿಗೆ ನವಿಲೂ ಹೋಗುತ್ತದೆ, ನಾನು ಜೀವನವಿಡೀ ಗೋಡೆಯ ಈಚೆ ಕುಳಿತು ಗುಂಡಿ ಹಚ್ಚುತ್ತಿರುತ್ತೇನೆ ಅನ್ನಿಸಿತು.

ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ ಒಂದೇ ವಾರದಲ್ಲಿ ಎರಡು ಸೈಕಲ್ಲು, ಒಂದು ಗ್ಯಾಸ್ ಸಿಲಿಂಡರ್ ಕಳವಾದವು. ಪಾಪ, ಕಳೆದುಕೊಂಡವರು ಅತ್ತರು. ನನಗೆ ಮಾತ್ರ ದೇವರೇ ನೆಪ ಕಳಿಸಿದಂತಾಯಿತು.

ಬಸ್‌ಸ್ಟ್ಯಾಂಡ್ ಹತ್ತಿರ ಹುಲಿಗೆಪ್ಪನ ಅಂಗಡಿ ಇದೆ. ಮೊಬೈಲ್ ರಿಪೇರಿಯ ಜೊತೆ ಕ್ಯಾಮೆರಾ ಕೂರಿಸುತ್ತಾನೆ. ಅವನು ಮೊದಲು ಬಿಳಿ ಬಣ್ಣದ ಗುಂಡನೆಯದೊಂದನ್ನು ಮುಂದಿಟ್ಟ. "ಇದಕ್ಕ ವೈರ್ ಬ್ಯಾಡ್ರಿ ಅಕ್ಕಾರ. ವೈಫೈ ಮ್ಯಾಲೆ ನಡೀತೈತಿ. ನೀವು ಹುಬ್ಬಳ್ಳಿಗೆ ಹೋಗಿದ್ರೂ ಮೊಬೈಲಿನ್ಯಾಗ ಮನಿ ಕಾಣತೈತಿ."

ಮನೆಗೆ ಬಂದು ಇದನ್ನು ಹೇಳಿದ್ದೇ ತಡ, ಅಮ್ಮ ಉರಿದುಬಿದ್ದಳು. "ಗಾಳ್ಯಾಗ ಹಾರಿಹೋಗೂ ಚಿತ್ರ ನನ್ನ ಮನ್ಯಾಗ ಬ್ಯಾಡ. ಮನೀದು ಮನ್ಯಾಗ ಇರಬೇಕು." ನನಗೂ ಅದೇ ಬೇಕಿತ್ತು, ವೈರಿನದನ್ನೇ ಹೇಳಿಬಂದೆ. ಕ್ಯಾಮೆರಾದಿಂದ ವೈರು, ವೈರಿನಿಂದ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಡಿಸ್ಕು. ಎಲ್ಲವೂ ಮನೆಯೊಳಗೇ. ಅಮ್ಮನ ಟ್ರಂಕಿನಲ್ಲಿ ಸೀರೆ ಇರುವ ಹಾಗೆ ಅಮ್ಮನ ಕೈಗಳು ಆ ಪೆಟ್ಟಿಗೆಯಲ್ಲಿ ಇರುತ್ತವೆ, ಬೇಕೆಂದಾಗ ತೆಗೆದು ನೋಡಬಹುದು ಎಂದುಕೊಂಡೆ.

ಹುಲಿಗೆಪ್ಪ ಬಂದು ಗೋಡೆಗೆ ರಂಧ್ರ ಕೊರೆದ. ಒಂದು ಕ್ಯಾಮೆರಾ ಬಾಗಿಲಿಗೆ. ಇನ್ನೊಂದನ್ನು ಮಗ್ಗದ ಕೋಣೆಯ ಬದಿಗೋಡೆಗೆ ಹಾಕಿಸಿದೆ. "ನೂಲಿನ ಪೆಟಗಿ ಕಾಣಬೇಕು ನೋಡಪಾ," ಎಂದೆ. ನೂಲಿನ ಪೆಟ್ಟಿಗೆ ಇದ್ದದ್ದು ಮಗ್ಗದ ಆಚೆ ಬದಿಗೆ. ಅದು ಕಾಣಬೇಕಾದರೆ ನಡುವೆ ಅಮ್ಮನ ಕೈ ಕಾಣಲೇಬೇಕು. ಎಷ್ಟು ದಿನದ ಚಿತ್ರ ಉಳಿಯುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಯಾಕೆ ಎಂದು ಅವನು ಕೇಳುತ್ತಿದ್ದ, ಅಮ್ಮ ಅಲ್ಲೇ ನಿಂತಿದ್ದಳು. ಕಳ್ಳರನ್ನು ಹಿಡಿಯಲು ನಿನ್ನೆ ಮೊನ್ನೆಯ ಚಿತ್ರ ಸಾಕು, ಆದ್ದರಿಂದ ಅವನೂ ಹೇಳಲಿಲ್ಲ.

ಮರುದಿನ ಅಮ್ಮ ಮಣೆಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು. ಕಣ್ಣು ಮಂಜಾಗುತ್ತಿದೆ ಎಂದು ಇನ್ನೊಂದು ಬಲ್ಬು ಹಾಕಿಸಿಕೊಂಡಳು. ನಾನು ಒಳಗೊಳಗೇ ಖುಷಿಪಟ್ಟೆ. ಕೈ ಇನ್ನೂ ಚೆನ್ನಾಗಿ ಕಾಣುತ್ತದೆ, ಈ ಮುದುಕಿಗೆ ಏನೂ ತಿಳಿದಿಲ್ಲ ಎಂದುಕೊಂಡೆ.

ಕ್ಯಾಮೆರಾದ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದರೆ ಚಿತ್ರ ನೋಡಬಹುದಿತ್ತು. ಆದರೆ ಅಮ್ಮ ಮಗ್ಗ ಬಿಟ್ಟರೆ ಟಿವಿಯ ಮುಂದೆಯೇ ಇರುತ್ತಿದ್ದಳು. ಇರಲಿ, ಪೆಟ್ಟಿಗೆಯಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಸುಮ್ಮನಾದೆ. ಎರಡು ತಿಂಗಳಲ್ಲಿ ಒಂದು ನವಿಲು ಪೂರ್ತಿಯಾಯಿತು. ಎರಡನೆಯದರ ಮೈ ಮುಗಿದು ಕುತ್ತಿಗೆ ಅರ್ಧಕ್ಕೆ ಬಂದಿತ್ತು. ಒಂದು ಸೋಮವಾರ ಮುಂಜಾನೆ ಪಂಜಾ ಬಿದ್ದ ಸದ್ದಾಯಿತು. ಅದರ ಹಿಂದೆಯೇ ಅಮ್ಮ ಬಿದ್ದ ಸದ್ದು.

ಲಕ್ವಾ ಹೊಡೆದಿತ್ತು. ಬಾಯಿ ಸೊಟ್ಟಗಾಗಿ, ಬಲಗೈ ಬಲಗಾಲು ಸತ್ತಂತೆ ಬಿದ್ದಿದ್ದವು. ಬಾಜು ಮನೆಯ ಅನ್ನವ್ವ ಗಾಡಿ ತರಿಸಿದಳು. ಅಂಥ ಹೊತ್ತಿನಲ್ಲೂ ನಾನು ಅವಳ ಕೈಗೆ ಕೀಲಿ ಕೊಟ್ಟು ಹೇಳಿದ್ದು ಒಂದೇ ಮಾತು: "ಆ ಪೆಟಗಿ ಮಾತ್ರ ಬಂದ್ ಆಗದಂಗ ನೋಡಕೋ ಅನ್ನವ್ವಾ. ಅದರಾಗ ನಮ್ಮ ಅಮ್ಮ ಅದಾಳ."

ಬಂದ್ ಆದರೆ ಒಳಗಿನದೆಲ್ಲ ಹೋಗುತ್ತದೆಂದು ನನ್ನ ಹೆದರಿಕೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಇದ್ದೆವು. ಪುಣ್ಯಾತಗಿತ್ತಿ ಅನ್ನವ್ವ ದಿನಾ ಎರಡು ಹೊತ್ತು ಹೋಗಿ ನೋಡಿ ಫೋನ್ ಮಾಡುತ್ತಿದ್ದಳು. "ದೀಪ ಹತ್ತೈತಿ ನೋಡವಾ ತಬಸುಮಾ. ಕರೆಂಟ್ ಹೋಗಿತ್ತು, ಬ್ಯಾಟರಿ ಮ್ಯಾಲೆ ನಡದೈತಿ. ಚಿಂತಿ ಮಾಡಬ್ಯಾಡ." ಆಸ್ಪತ್ರೆಯ ಮಂಚದ ಬದಿಗೆ ಕುಳಿತು, ಸತ್ತ ಕೈಗೆ ಎಣ್ಣೆ ತಿಕ್ಕುತ್ತ, ಈ ಕೈ ಹೋದರೂ ಆ ಕೈ ಮನೆಯಲ್ಲಿ ಭದ್ರವಾಗಿದೆ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅಮ್ಮನನ್ನು ಮನೆಗೆ ತಂದೆವು. ಮಾತಿಲ್ಲ. ಎಡಗೈ ಒಂದು ಅಲ್ಲಾಡುತ್ತದೆ. ಅದನ್ನೇ ಮಗ್ಗದ ಕೋಣೆಯ ಕಡೆ ಮಾಡಿ ತೋರಿಸಿದಳು. ಅಲ್ಲೇ, ಮಗ್ಗದ ಮಗ್ಗುಲಿಗೆ ಹತ್ತಿದಂತೆ ಮಂಚ ಹಾಕಿದೆವು. ಲಕ್ವಾ ಇನ್ನೊಮ್ಮೆ ಹೊಡೆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮರುದಿನ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ತಾರೀಖು ಹುಡುಕಿದೆ. ಖಾಲಿ ಮಣೆ. ಹಿಂದಿನ ದಿನಕ್ಕೆ ಹೋದೆ, ಖಾಲಿ ಮಣೆ. ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಒಂದು ಬೆಕ್ಕು ಬಂದು ನೂಲಿನ ಮೇಲೆ ಮಲಗಿ ಎದ್ದು ಹೋಯಿತು. ಅನ್ನವ್ವ ಬಂದು ದೀಪ ನೋಡಿ, ಕ್ಯಾಮೆರಾಕ್ಕೆ ಕೈಮುಗಿದು ಹೋದಳು. ಅಮ್ಮ ಬಿದ್ದ ಐದನೆಯ ದಿನಕ್ಕೆ ಬಂದು ನಿಂತಿತು. ಅದರ ಹಿಂದೆ ಏನೂ ಇರಲಿಲ್ಲ.

ಹುಲಿಗೆಪ್ಪ ಬಂದು ನೋಡಿದ. "ಇದರಾಗ ಹದಿನೈದ ದಿನದ್ದಷ್ಟ ಇರತೈತ್ರಿ ಅಕ್ಕಾರ. ಡಿಸ್ಕ್ ತುಂಬಿತಂದ್ರ ಹಳೇದನ್ನ ಅಳಿಸಿ ಅದರ ಮ್ಯಾಲೆ ಹೊಸಾದು ಬರಕೋತ ಹೋಗತೈತಿ. ಎಲ್ಲಾ ಪೆಟಗೀನೂ ಹಂಗ."

"ಅಂದ್ರ ಅವತ್ತ ಬಂದ್ ಮಾಡಿದ್ರ?"

"ಬಂದ್ ಮಾಡಿದ್ರ ಉಳೀತಿತ್ರಿ. ಅಮ್ಮಾರು ಬೀಳೂಕಿಂತ ಮುಂಚಿನ ಹದಿನೈದ ದಿನಾ ಪೂರಾ."

ಹದಿನೈದು ದಿನ ಎಂದರೆ ಎರಡನೆಯ ನವಿಲಿನ ಕುತ್ತಿಗೆ ಅರ್ಧಕ್ಕೆ ಬರುವವರೆಗಿನ ನೇಯ್ಗೆ. ಅಷ್ಟು ಸಿಕ್ಕಿದ್ದರೂ ಬಣ್ಣ ತಿರುಗಿಸುವುದನ್ನು ಕಲಿಯಬಹುದಿತ್ತು. ಗುಂಡಿ ಒತ್ತಿ ಆರಿಸಿ ಹೋಗಿದ್ದರೆ ಅದು ಉಳಿಯುತ್ತಿತ್ತು. ಜೋಪಾನ ಮಾಡಲು ಹೇಳಿ, ದಿನಾ ಎರಡು ಹೊತ್ತು ಕಾವಲು ಹಾಕಿ, ಖಾಲಿ ಮಣೆಯ ಚಿತ್ರದಿಂದ ಅಮ್ಮನ ಕೈಗಳನ್ನು ನಾನೇ ಅಳಿಸಿದ್ದೆ.

"ಬೇಲಿನ ಎದ್ದು ಹೊಲಾ ಮೇಯ್ದಂಗಾತಲ್ಲೋ ಹುಲಿಗೆಪ್ಪಾ!" ಎಂದು ಕಿರುಚಿದೆ. ಏನಾದರೂ ಮಾಡು, ಯಾರ ಕಾಲಾದರೂ ಹಿಡಿ ಎಂದೆ. ಅವನು ಡಿಸ್ಕನ್ನು ಹುಬ್ಬಳ್ಳಿಗೆ ಒಯ್ದು ಮೂರು ದಿನಕ್ಕೆ ತಿರುಗಿ ತಂದ. ಒಂದರ ಮೇಲೊಂದು ಬರೆದದ್ದು, ತೆಗೆಯಲು ಬರುವುದಿಲ್ಲವಂತೆ. ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಒಂದ ಮಾತು ಹೇಳಲೇನ್ರಿ? ಅವತ್ತ ಕೂಡ್ರಸೂಮುಂದ ನೀವು ಚಾ ತರಾಕ ಒಳಗ ಹೋಗಿದ್ರಿ. ಆಗ ಅಮ್ಮಾರು ನನ್ನ ಬಾಜೂಕ ಬಂದು, 'ನನ್ನ ಕೈ ಕಾಣತಾವೇನಪಾ?' ಅಂತ ಸಣ್ಣದನೀಲೆ ಕೇಳಿದ್ರು. ಕಾಣತಾವ್ರಿ ಅಂದ್ನಿ. 'ಆಕೀಗೆ ಹೇಳಬ್ಯಾಡ,' ಅಂದ್ರು."

ಮಣೆ ಹಿಂದಕ್ಕೆ ಸರಿದದ್ದು, ಬಲ್ಬು ಹಾಕಿಸಿದ್ದು ನೆನಪಾಯಿತು. ಅತ್ತೆಗೆ ಕೊಟ್ಟ ಮಾತು ಮುರಿಯಲಾರದೆ, ಮಗಳಿಗೆ ಕಲಿಸದೆ ಸಾಯಲೂ ಆರದೆ, ಎರಡು ತಿಂಗಳು ಅವಳು ಒಂದು ಗೋಡೆಗೆ ಕಲಿಸಿದ್ದಳು. ಆ ಗೋಡೆ ಎಲ್ಲ ಮರೆತಿತ್ತು.

ನಾನು ಪೆಟ್ಟಿಗೆಯ ವೈರನ್ನು ಕಿತ್ತೆಸೆದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮಗ್ಗದ ಕೋಣೆಗೆ ಹೋಗಿ, ದಿಂಬಿಗೆ ಒರಗಿಸಿದ್ದ ಅಮ್ಮನೆದುರು ನಿಂತು ಬಾಯಿಗೆ ಬಂದಂತೆ ಕೂಗಿದೆ. "ಬಾಯಿದ್ದಾಗ ಒಂದ ಮಾತು ಹೇಳಲಿಲ್ಲ! ಕೈಯಿದ್ದಾಗ ಬಾಗಲಾ ತಗೀಲಿಲ್ಲ! ಈಗ ನೋಡಕೋತ ಮಲಗು, ನಿಮ್ಮತ್ತಿ ನವಲಾ ಹೆಂಗ ಸಾಯತೈತಿ ನೋಡು!" ಅಮ್ಮನ ಕಣ್ಣಿಂದ ನೀರು ಸೊಟ್ಟ ಬಾಯಿಯ ಕಡೆ ಇಳಿಯಿತು. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ. ಮಣೆಯ ಮೇಲೆ ಕುಕ್ಕರಿಸಿ, ನೀಲಿ ನೂಲು ಹಿಡಿದು, ಅರ್ಧಕ್ಕೆ ನಿಂತ ಕುತ್ತಿಗೆಯ ಅಂಚಿಗೆ ಕಂಡ ಕಂಡಲ್ಲಿ ತುರುಕಿದೆ.

ಮುಂಗೈ ಮೇಲೆ ಏಟು ಬಿತ್ತು.

ಬಲವಿರಲಿಲ್ಲ. ಆದರೂ ಅದು ಏಟೇ. ತಿರುಗಿ ನೋಡಿದೆ. ಅಮ್ಮನ ಎಡಗೈ ಮಂಚದ ಅಂಚಿನಿಂದ ಚಾಚಿಕೊಂಡಿತ್ತು, ಕಣ್ಣು ನೂಲಿನ ಮೇಲಿತ್ತು. ಈಗಲೂ ನನ್ನನ್ನು ಮುಟ್ಟಗೊಡುವುದಿಲ್ಲವೇ ಅನ್ನಿಸಿತು. ಹಟಕ್ಕೆ ನೂಲು ಕಿತ್ತು ಮುಂದಿನ ಎಳೆಗೆ ಹಾಕಿದೆ. ಮತ್ತೆ ಏಟು. ಕಿತ್ತು ಹಿಂದಿನ ಎಳೆಗೆ ಹಾಕಿದೆ. ಕೈ ಎದ್ದಿತು, ಗಾಳಿಯಲ್ಲಿ ನಿಂತಿತು, ಮೆಲ್ಲಗೆ ಹಾಸಿಗೆಯ ಮೇಲೆ ಇಳಿಯಿತು.

ನಾನು ಪಂಜಾ ಎತ್ತಿಕೊಂಡೆ. ಬಡಿದೆ. ಏಟು ಬೀಳಲಿಲ್ಲ. ಹಸಿರು ನೂಲು ಹಿಡಿದೆ, ಏಟು. ಬಿಳಿಯದು ಹಿಡಿದೆ, ಸುಮ್ಮನಿದ್ದಳು.

ಸಂಜೆಯ ಬಾಂಗ್ ಕೂಗುವ ಹೊತ್ತಿಗೆ ಮೂರು ಸಾಲಾಗಿತ್ತು. ಎಷ್ಟು ಏಟು ತಿಂದೆನೋ, ಮುಂಗೈ ಕೆಂಪಾಗಿತ್ತು. ಕುತ್ತಿಗೆ ಹೊರಳಲು ಇನ್ನೂ ಎಷ್ಟು ಸಾಲು ಬೇಕೋ ಅಮ್ಮ ಹೇಳಲಾರಳು, ನನಗೆ ತಿಳಿಯದು. ಅವಳ ಎಡಗೈ ಸೋತು ಮಂಚದಿಂದ ಜೋತುಬಿದ್ದಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ನನಗೆ ಜೀವ ಹೋದಷ್ಟು ಹೆದರಿಕೆಯಾಯಿತು. ಆ ಕೈಯನ್ನು ಎತ್ತಿ ನನ್ನ ಮುಂಗೈ ಮೇಲೆ ಇಟ್ಟುಕೊಂಡೆ.

"ಮಲಗಬ್ಯಾಡ ಅಮ್ಮಾ," ಎಂದೆ. "ಇನ್ನೊಂದ ಸಾಲು. ಬಡಿ ಅಮ್ಮಾ, ಬಡಿ ನನ್ನ."